ಮೊದಲ ಓದಿನಲ್ಲಿ ಅಕ್ಷರವೂ ಪದವೂ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ಕುರಿತು ಒಂದು ಐತಿಹಾಸಿಕ ಪರಿಶೀಲನೆ

೧

ಮಗುವಿಗೆ ಓದನ್ನು ಕಲಿಸುವಾಗ ಅಕ್ಷರದಿಂದ ಪದಕ್ಕೆ ಹೋಗಬೇಕೋ, ಪದದಿಂದ ಅಕ್ಷರಕ್ಕೆ ಬರಬೇಕೋ ಎಂಬ ಪ್ರಶ್ನೆ ಹಳೆಯದು. ಅಕ್ಷರಗಳನ್ನು ಬಿಡಿಬಿಡಿಯಾಗಿ ಕೂಡಿಸದೆ, ಕಂಡೊಡನೆ ಇಡಿಯಾಗಿ ಗುರುತಿಸುವ ಪದವನ್ನು ನಾವು ಇಲ್ಲಿ 'ನೋಟಪದ'ವೆಂದು ಕರೆಯುತ್ತೇವೆ. ಇಂಥ ಪದಗಳನ್ನು ಮೊದಲು ಕಲಿಸಿ, ಅವುಗಳ ಮೂಲಕ ಓದಿಗೆ ಪ್ರವೇಶ ಮಾಡಿಸುವ ಕ್ರಮ ಇಂಗ್ಲಿಷ್ ಕಲಿಸುವ ದೇಶಗಳಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಅದು ಕನ್ನಡಕ್ಕೆ ಎಷ್ಟರಮಟ್ಟಿಗೆ ಒಗ್ಗುತ್ತದೆಂಬುದನ್ನು ತರ್ಕದಿಂದ ಮಾತ್ರ ನಿರ್ಣಯಿಸಲು ಆಗದು. ಒಂದು ಪ್ರದೇಶದ ಜನ ಯಾವ ಯಾವ ಲಿಪಿಗಳನ್ನು ಹೇಗೆ ಹೇಗೆ ಓದುತ್ತ ಬಂದರೆಂಬುದನ್ನು ನೋಡಿದರೆ ಉತ್ತರ ಹೆಚ್ಚು ಸ್ಪಷ್ಟವಾಗುತ್ತದೆ.

ಈ ಪರಿಶೀಲನೆಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಆಳಂದವು ಉಮರ್ಗಾ, ಅಕ್ಕಲಕೋಟೆಗಳ ಮರಾಠಿ ಸೀಮೆಗೆ ಹೊಂದಿಕೊಂಡಿದೆ. ಅಫಜಲಪುರವು ಭೀಮಾ ತೀರದ್ದು. ಜೇವರ್ಗಿಯು ಅದೇ ನದಿಯ ದಕ್ಷಿಣಕ್ಕೆ, ಸಿಂದಗಿಯ ನೆರೆಯಲ್ಲಿದೆ. ಮೂರೂ ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು; ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಕೂಡಿದುವು. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ೨೧ ಗುಲಬರ್ಗಾ ವಿಭಾಗದವು. ಈ ಮೂರೂ ಆ ಪಟ್ಟಿಯಲ್ಲಿದ್ದುವು. ಹೀಗಿರಲಾಗಿ, ಇಲ್ಲಿಯ ಮಗು ಒಂದನೆಯ ತರಗತಿಯಲ್ಲಿ ಓದನ್ನು ಕಲಿಯುತ್ತದೆಯೋ ಇಲ್ಲವೋ ಎಂಬುದು ಕೇವಲ ಬೋಧನಾಕ್ರಮದ ಚರ್ಚೆಯಾಗಿ ಉಳಿಯುವುದಿಲ್ಲ.

೨

ಈ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದು ವಿದಿತವೇ ಇದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ಬಲ್ಲವರೆಂದು ಹೊಗಳಿತು. ಈ ಹೊಗಳಿಕೆ ಸಾರ್ಥಕವಾದದ್ದೇ. ಆದರೆ ಅದರೊಳಗೆ ಒಂದು ಎಚ್ಚರಿಕೆಯೂ ಅಡಗಿದೆ. ಕಿವಿಯಿಂದ ಬಲ್ಲ ಜನರಲ್ಲಿ ಓದು ಬಲ್ಲವರಾರು, ಬಾಯಿಪಾಠ ಬಲ್ಲವರಾರು ಎಂದು ಬೇರ್ಪಡಿಸುವುದು ಸುಲಭವಲ್ಲ.

ಹಳೆಯ ಕೂಲಿಮಠದ ಕ್ರಮವನ್ನು ನೋಡೋಣ. ಐಗಳು ಹರಡಿದ ಮರಳಿನ ಮೇಲೆ ದೊಡ್ಡದಾಗಿ ಅಕ್ಷರ ಬರೆಯುವರು; ಹುಡುಗನು ಬೆರಳಿನಿಂದ ಅದರ ಮೇಲೆಯೇ ತಿದ್ದಿ ತಿದ್ದಿ, ಅಕ್ಷರದ ಹೆಸರನ್ನು ಗಟ್ಟಿಯಾಗಿ ಹೇಳುವನು. ಓನಾಮವಾದ ಮೇಲೆ ಅಕ್ಷರಮಾಲೆ, ಅನಂತರ ಕಾಗುಣಿತ, ಅನಂತರ ಒತ್ತಕ್ಷರ, ಜೊತೆಜೊತೆಗೆ ಮಗ್ಗಿ. ಪದವೆಂಬುದು ಇವೆಲ್ಲ ಮುಗಿದ ಮೇಲೆ ಬರುವ ಫಲ. ಈ ಪದ್ಧತಿಯನ್ನು ಕುರಿತು ನಮಗೆ ದೊರೆಯುವ ಬೆಲೆಯುಳ್ಳ ದಾಖಲೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಮದರಾಸು ಸರಕಾರಕ್ಕೆ ಬರೆದ ವರದಿ. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳಿದ್ದುವು, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ೨೩೫ ಕನ್ನಡದವು. ಮರಳಿನ ಮೇಲೆ ಬರೆಯುತ್ತಲೇ ಅಕ್ಷರ ಕಲಿಯುವ ಈ ಮಿತವ್ಯಯದ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿಕೊಂಡನು. ಇದಕ್ಕೂ ಮುಂಚೆ, ೧೭೮೯ರಿಂದ ಮದರಾಸಿನ ಎಗ್ಮೋರ್ ಅನಾಥಾಲಯವನ್ನು ನಡೆಸಿದ ಆಂಡ್ರೂ ಬೆಲ್ ಮರಳು ಬರಹವನ್ನು ನಮ್ಮ ನಾಡಿನ ಶಾಲೆಗಳಿಂದಲೇ ಎತ್ತಿಕೊಂಡು ಇಂಗ್ಲೆಂಡಿಗೆ ಒಯ್ದಿದ್ದನು. ಆದರೆ ಕ್ಯಾಂಬೆಲ್ಲನ ವರದಿಯಲ್ಲಿ ಆಕ್ಷೇಪವೂ ಉಂಟು. ಹುಡುಗರು ಹಳೆಯ ಭಾಷೆಯ ಪದ್ಯಗಳನ್ನು ರಾಶಿರಾಶಿಯಾಗಿ ಒಪ್ಪಿಸುತ್ತಾರೆ, ಆದರೆ ಅವುಗಳ ಅರ್ಥ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆ ಎಂಬುದು ಅವನ ದೂರಿನ ಸಾರ.

ಬಳ್ಳಾರಿಯ ಮಾತನ್ನು ಭೀಮಾ ತೀರಕ್ಕೆ ಹಾಗೆಯೇ ಅನ್ವಯಿಸಬಹುದೇ ಎಂಬ ಶಂಕೆ ಬರಬಹುದು. ಲಿಪಿ ಒಂದೇ, ಕಲಿಕೆಯ ಕ್ರಮವೂ ಒಂದೇ. ಮೇಲಾಗಿ ಈ ಮೂರು ತಾಲ್ಲೂಕುಗಳಲ್ಲಿ ಕಂಠಸ್ಥ ಪಾಠವನ್ನು ಪುಸ್ತಕದ ಮುಂದೆ ಹೇಳುವ ಸಂಪ್ರದಾಯ ಬಲವಾದದ್ದು. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅರಬ್ಬಿ ಭಾಷೆ ತಿಳಿಯದ ಮಕ್ಕಳೂ ಕುರಾನನ್ನು ಸ್ವರಶುದ್ಧಿಯಿಂದ ಪಠಿಸುವುದು ಮುಸಲ್ಮಾನರಲ್ಲಿ ಎಲ್ಲೆಡೆಯ ರೂಢಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರವು ದತ್ತಕ್ಷೇತ್ರ. ಅಲ್ಲಿ ಮರಾಠಿ 'ಗುರುಚರಿತ್ರೆ'ಯ ಪಾರಾಯಣ ನಡೆಯುತ್ತದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರಿನಲ್ಲಿ, ನೆಲೆಸಿದ್ದು ಜೇವರ್ಗಿ ಸೀಮೆಯ ಕಡಕೋಳದಲ್ಲಿ. ಅವರ ಪದಗಳು ಏಕತಾರಿಯೊಡನೆ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದಿವೆ. ಪದಗಳನ್ನು ಬರೆದಿಟ್ಟ ವಹಿ ಮುಂದಿದ್ದರೂ ಹಾಡುವವರನ್ನು ನಡೆಸುವುದು ನೆನಪು. ಕಣ್ಣು ಸಾಲಿನ ಮೊದಲ ಪದವನ್ನು ಹಿಡಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಇದೂ ಒಂದು ಬಗೆಯ ಓದೇ. ಪದವನ್ನು ಇಡಿಯಾಗಿ ಗುರುತಿಸುವ ಅಭ್ಯಾಸ ಇಲ್ಲಿಯವರಿಗೆ ಹೊರಗಿನಿಂದ ಬಂದುದಲ್ಲ ಎಂಬುದಷ್ಟೇ ನಮ್ಮ ಮಾತಿನ ತಾತ್ಪರ್ಯ.

೩

ನಿಜಾಮರ ಆಳ್ವಿಕೆಯಲ್ಲಿ ಈ ಅಭ್ಯಾಸಕ್ಕೆ ಇನ್ನೊಂದು ಕಡೆಯಿಂದ ಪೋಷಣೆ ದೊರೆಯಿತು. ೧೮೮೦ರ ದಶಕದಲ್ಲಿ ಆಡಳಿತದ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನಾ ಮಾಧ್ಯಮ ಉರ್ದುವೇ ಆಯಿತು. ತಹತಾನಿಯಾ ಎನಿಸಿಕೊಂಡ ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಗೆ ನಿಯಮದ ಮಟ್ಟಿಗೆ ಎಡೆಯಿದ್ದರೂ, ವಸ್ತಾನಿಯಾ, ಫೌಖಾನಿಯಾಗಳ ಮುಂದಿನ ವಿದ್ಯೆ, ಕಚೇರಿ, ನೌಕರಿಗಳೆಲ್ಲ ಉರ್ದುವಿನಲ್ಲಿದ್ದುದರಿಂದ ಕನ್ನಡದ ಹುಡುಗನೂ ಉರ್ದು ಕಾಯಿದೆಯನ್ನು ಹಿಡಿಯಲೇಬೇಕಾಗಿತ್ತು. ೧೯೨೦ರ ದಶಕದಲ್ಲಿ ಖಾಸಗಿ ಶಾಲೆ ತೆರೆಯಲು ಸರಕಾರದ ಅಪ್ಪಣೆ ಬೇಕೆಂಬ ನಿಯಮ ಬಂದುದರಿಂದ ಕೂಲಿಮಠಗಳಿಗೂ ಕಷ್ಟವೊದಗಿತು. ನೆರೆಯ ಇಂಡಿ, ಸಿಂದಗಿಗಳು ಮುಂಬಯಿ ಇಲಾಖೆಗೆ ಸೇರಿದ್ದುವು. ಅಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರಂಥವರ ಪ್ರಯತ್ನದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ಶಾಲೆಗಳು ಬೇರೂರಿದ್ದುವು. ಗಡಿಯ ಈಚೆಗೆ ಆ ಭಾಗ್ಯವಿರಲಿಲ್ಲ. ೧೯೫೧ರ ಜನಗಣತಿಯ ಕಾಲಕ್ಕೆ ಹೈದರಾಬಾದು ರಾಜ್ಯದ ಸಾಕ್ಷರರು ನೂರಕ್ಕೆ ಹತ್ತನ್ನು ಮುಟ್ಟಿರಲಿಲ್ಲ.

ನಮ್ಮ ಪ್ರಶ್ನೆಗೆ ಮುಖ್ಯವಾದುದು ಉರ್ದು ಲಿಪಿಯ ಸ್ವಭಾವ. ಅದರಲ್ಲಿ ಹ್ರಸ್ವ ಸ್ವರಗಳಿಗೆ ಜಬರು, ಜೇರು, ಪೇಶು ಎಂಬ ಚಿಹ್ನೆಗಳುಂಟು; ಆದರೆ ಸಾಮಾನ್ಯ ಬರಹದಲ್ಲಿ ಅವನ್ನು ಹಾಕುವುದಿಲ್ಲ. ಅಲಿಫ್, ಸೀನ್ ಎಂಬ ಎರಡೇ ಅಕ್ಷರಗಳನ್ನು ಒಂದು ಕಡೆ 'ಇಸ್' ಎಂದೂ ಇನ್ನೊಂದು ಕಡೆ 'ಉಸ್' ಎಂದೂ ಓದಬೇಕು. ಸಮೀಪದ ವಸ್ತುವೋ ದೂರದ ವಸ್ತುವೋ ಎಂಬುದನ್ನು ವಾಕ್ಯವೇ ಹೇಳಬೇಕು. ಆದ್ದರಿಂದ ಅಕ್ಷರಗಳನ್ನು ಬಲ್ಲವನೂ ಭಾಷೆಯನ್ನು ಅರಿಯದಿದ್ದರೆ ಸರಿಯಾಗಿ ಓದಲಾರನು. ಪದವನ್ನು ಮೊದಲೇ ಪರಿಚಯ ಮಾಡಿಕೊಂಡಿರಬೇಕು. ಮನೆಯಲ್ಲಿ ದಖನಿ ಆಡುವ ಮಗುವಿಗೆ ಈ ಪರಿಚಯ ಸಹಜವಾಗಿತ್ತು. ಕನ್ನಡ ಮಾತಾಡುವ ಮಗು ಪ್ರತಿಯೊಂದು ಪದವನ್ನೂ ಕಣ್ಣಿನಿಂದ ಕಂಠಪಾಠ ಮಾಡಬೇಕಾಗಿತ್ತು. ಹಳೆಯ ದಫ್ತರಗಳಲ್ಲಿ ಕಾಣುವ ಮರಾಠಿ ಮೋಡಿಯದೂ ಇದೇ ಕಥೆ. ಕೈ ಎತ್ತದೆ ಓಡಿಸಿದ ಆ ಬರಹದಲ್ಲಿ ಹ್ರಸ್ವ ದೀರ್ಘಗಳ ಭೇದ ಸ್ಪಷ್ಟವಿರುವುದಿಲ್ಲ. ರೂಢಿಯ ಪದಗಳನ್ನು ಬಲ್ಲವನಿಗೇ ಅದು ತೆರೆದುಕೊಳ್ಳುತ್ತದೆ.

ಹೀಗೆ ಒಂದೇ ಸೀಮೆಯಲ್ಲಿ ಕನ್ನಡವನ್ನು ಅಕ್ಷರಾಕ್ಷರವಾಗಿ ಕೂಡಿಸಿ, ಉರ್ದುವನ್ನು ಪದವನ್ನರಿತು, ಮೋಡಿಯನ್ನು ರೂಢಿಯ ಬಲದಿಂದ ಓದುವ ಮೂರು ಕ್ರಮಗಳು ಏಕಕಾಲದಲ್ಲಿದ್ದುವು. ಇದರಿಂದ ಒಂದು ತತ್ವ ಹೊರಡುತ್ತದೆ. ಓದನ್ನು ಕಲಿಸುವ ಕ್ರಮವನ್ನು ಬಹುಮಟ್ಟಿಗೆ ಲಿಪಿಯೇ ನಿರ್ಣಯಿಸುತ್ತದೆ. ಒಂದು ಲಿಪಿಗೆ ಹಿತವಾದುದು ಇನ್ನೊಂದಕ್ಕೆ ಹಿತವಾಗಬೇಕೆಂಬ ನಿಯಮವಿಲ್ಲ.

೪

ಈ ತತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಶ್ಚಾತ್ಯರ ನೋಟಪದಗಳ ಕಡೆಗೆ ತಿರುಗೋಣ. ಮಗುವಿಗೆ ಚಿತ್ರದೊಡನೆ ಪದವನ್ನು ತೋರಿಸುವ ಆಲೋಚನೆಯನ್ನು ೧೬೫೮ರಲ್ಲಿ ಕೊಮೇನಿಯಸ್ ತನ್ನ ಚಿತ್ರಪುಸ್ತಕದಲ್ಲಿ ಕಾರ್ಯರೂಪಕ್ಕೆ ತಂದನು. ಅಮೆರಿಕದ ಹೊರೇಸ್ ಮ್ಯಾನ್ ೧೮೪೦ರ ದಶಕದಲ್ಲಿ ಅಕ್ಷರಮಾಲೆಯ ನೀರಸ ಪಾಠವನ್ನು ಖಂಡಿಸಿ ಪದಕ್ರಮವನ್ನು ಎತ್ತಿಹಿಡಿದನು. ೧೯೩೬ರಲ್ಲಿ ಎಡ್ವರ್ಡ್ ಡಾಲ್ಚ್ ಮಕ್ಕಳ ಪುಸ್ತಕಗಳಲ್ಲಿ ಪದೇ ಪದೇ ಬರುವ ೨೨೦ ಪದಗಳ ಪಟ್ಟಿಯನ್ನು ಪ್ರಕಟಿಸಿದನು. ೧೯೫೫ರಲ್ಲಿ ರುಡಾಲ್ಫ್ ಫ್ಲೆಷ್ ಈ ಕ್ರಮವನ್ನು ಕಟುವಾಗಿ ಟೀಕಿಸಿದನು. ೧೯೬೭ರಲ್ಲಿ ಜೀನ್ ಚಾಲ್ ಎಂಬ ವಿದುಷಿ ಹಿಂದಿನ ಸಂಶೋಧನೆಗಳನ್ನೆಲ್ಲ ತೂಗಿ, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಆರಂಭದಲ್ಲಿಯೇ ಕಲಿಸುವುದು ಮೇಲೆಂದು ತೀರ್ಮಾನಿಸಿದಳು.

ಡಾಲ್ಚನ ಪಟ್ಟಿಯನ್ನು ಕನ್ನಡಿಸಲು ಹೊರಟರೆ ಮೊದಲ ಹೆಜ್ಜೆಯಲ್ಲಿಯೇ ತೊಡಕು ಬರುತ್ತದೆ. ಆ ಪಟ್ಟಿಯಲ್ಲಿರುವ 'ಟು', 'ಇನ್', 'ಫ್ರಮ್' ಮುಂತಾದುವು ಇಂಗ್ಲಿಷಿನಲ್ಲಿ ಬಿಡಿಪದಗಳು. ಕನ್ನಡದಲ್ಲಿ ಅವು ವಿಭಕ್ತಿ ಪ್ರತ್ಯಯಗಳು. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳಿಗೂ ಎಂದು ಒಂದೇ ಪದ ಹತ್ತಾರು ವೇಷ ಧರಿಸುತ್ತದೆ. ಇವೆಲ್ಲವನ್ನೂ ಬೇರೆ ಬೇರೆ ಚಿತ್ರಗಳಂತೆ ನೆನಪಿಡಲು ಯಾವ ಮಗುವಿಗೂ ಸಾಧ್ಯವಿಲ್ಲ. ಎರಡನೆಯದಾಗಿ, ಇಂಗ್ಲಿಷಿನಲ್ಲಿ 'ಒನ್', 'ಸೆಡ್', 'ವಾಸ್' ಎಂಬ ಪದಗಳ ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆ ಸಾಲದು. ಅವನ್ನು ನೋಡಿಯೇ ನೆನಪಿಡಬೇಕಾದ ಅನಿವಾರ್ಯತೆ ಉಂಟು. ಕನ್ನಡದಲ್ಲಿ ಬರೆದಂತೆ ಓದಬಹುದು. ಹಾಗಾದರೆ ನೋಟಪದಗಳಿಗೆ ಇಲ್ಲಿ ಕೆಲಸವೇ ಇಲ್ಲವೆ?

ಉಂಟು ಎಂಬುದು ನಮ್ಮ ಅಭಿಪ್ರಾಯ. ಕನ್ನಡ ಲಿಪಿ ಸರಳ, ಆದರೆ ವಿಸ್ತಾರವಾದದ್ದು. ೪೯ ಅಕ್ಷರಗಳೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ೩೪ ವ್ಯಂಜನಗಳಿಗೆ ೧೩ ಸ್ವರಗಳನ್ನೂ ಅನುಸ್ವಾರ ವಿಸರ್ಗಗಳನ್ನೂ ಕೂಡಿಸಿದರೆ ಕಾಗುಣಿತದಲ್ಲಿಯೇ ೫೧೦ ರೂಪಗಳಾಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಮೊದಲ ವರ್ಷಕ್ಕೆ ಮುಗಿಯದೆ ನಾಲ್ಕನೆಯ ತರಗತಿಯ ಹೊತ್ತಿಗೂ ಮುಂದುವರಿಯುತ್ತದೆಂದು ತೋರಿಸಿದೆ. ಇಷ್ಟು ದೀರ್ಘವಾದ ದಾರಿಯಲ್ಲಿ, ಅಕ್ಷರವೆಲ್ಲ ಮುಗಿದ ಮೇಲೆಯೇ ಪದ ಎಂದರೆ, ಮಗು ಅರ್ಥದ ಮುಖವನ್ನು ಕಾಣುವುದು ಯಾವಾಗ?

೫

ರಾಜ್ಯದ ಏಕೀಕರಣದ ಅನಂತರ ಈ ತಾಲ್ಲೂಕುಗಳ ಶಾಲೆಗಳು ಕನ್ನಡಕ್ಕೆ ಮರಳಿದುವು. ಮನೆಗಳಲ್ಲಿ ಅಂಕಲಿಪಿಯ ಬಳಕೆ ಇದ್ದೇ ಇತ್ತು. ಕಾಲಕ್ರಮದಲ್ಲಿ ಪಠ್ಯಪುಸ್ತಕಗಳು ಅಕಾರಾದಿ ಕ್ರಮವನ್ನು ಬಿಟ್ಟು, ಆಕೃತಿಯಲ್ಲಿ ಹೋಲುವ ಮತ್ತು ಬೇಗ ಪದವಾಗುವ ಅಕ್ಷರಗಳನ್ನು ಮೊದಲಿಗೆ ತಂದುವು. ರ, ಗ, ಸ, ದ, ಅ ಎಂಬ ಐದನ್ನು ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಪ್ರಯೋಗವನ್ನು ಕಂಡುಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 'ನಲಿ-ಕಲಿ'ಯನ್ನು ಆರಂಭಿಸಿದರು. ಅದು ೨೦೦೯-೧೦ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು. ಕಾರ್ಡುಗಳು, ಕಲಿಕೆಯ ಏಣಿ, ಗುಂಪಿನ ತಟ್ಟೆಗಳು ಇವುಗಳ ಮೂಲಕ ಮಗು ತನ್ನ ಗತಿಯಲ್ಲಿ ಮುಂದುವರಿಯಬೇಕೆಂಬುದು ಅದರ ಆಶಯ.

ಈ ಸುಧಾರಣೆಗಳು ನಿಜವಾದ ಮುನ್ನಡೆಗಳು. ಆದರೂ ಎರಡು ವಿಷಯಗಳನ್ನು ನಾವು ಅಧ್ಯಾಪಕರ ಗಮನಕ್ಕೆ ತರಬಯಸುತ್ತೇವೆ.

ಮೊದಲನೆಯದು ಒತ್ತಕ್ಷರದ್ದು. ಅಕ್ಷರ, ಕಾಗುಣಿತ, ಒತ್ತಕ್ಷರ ಎಂಬ ಅನುಕ್ರಮ ಕೂಲಿಮಠದ ಕಾಲದಿಂದಲೂ ಬಂದುದು. ಇಂದಿಗೂ ಒತ್ತಕ್ಷರಕ್ಕೆ ಕೊನೆಯ ಸ್ಥಾನವೇ. ಆದರೆ ಮಗುವಿಗೆ ಅತ್ಯಂತ ಹತ್ತಿರದ ಪದಗಳಾವುವು? ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ. ವಾಕ್ಯದಲ್ಲಿ ಮೇಲಿಂದ ಮೇಲೆ ಬರುವುವಾವುವು? ಇಲ್ಲ, ಅಲ್ಲಿ, ಇಲ್ಲಿ, ಮತ್ತು. ಇವೆಲ್ಲವೂ ಒತ್ತಕ್ಷರದ ಪದಗಳೇ. ಶರಣಪ್ಪ, ಮಲ್ಲಮ್ಮ, ಬಸಮ್ಮ ಎಂದು ಈ ಸೀಮೆಯಲ್ಲಿ ಮಕ್ಕಳಿಗಿಡುವ ಹೆಸರುಗಳೂ ಹಾಗೆಯೇ. ಗರಗಸವನ್ನು ಓದಬಲ್ಲ ಮಗು ತಾಯಿಯನ್ನು ಕರೆಯುವ ಪದವನ್ನೂ ತನ್ನ ಹೆಸರನ್ನೂ ಓದಲು ತಿಂಗಳುಗಟ್ಟಲೆ ಕಾಯುತ್ತದೆ. ಇಲ್ಲಿಯೇ ನೋಟಪದಕ್ಕೆ ನ್ಯಾಯವಾದ ಸ್ಥಾನವುಂಟು. ಇಂಥ ಹತ್ತು ಹದಿನೈದು ಪದಗಳನ್ನು ಮೊದಲ ವಾರಗಳಲ್ಲಿಯೇ ಇಡಿಯಾಗಿ ಪರಿಚಯಿಸಬಹುದು. ಇವುಗಳಲ್ಲಿ ಹೆಚ್ಚಿನವು ಸಜಾತೀಯ ಒತ್ತುಗಳಾದ್ದರಿಂದ, ವಕಾರದ ಕೆಳಗೆ ವಕಾರವೇ, ಕಕಾರದ ಕೆಳಗೆ ಕಕಾರವೇ ನಿಂತಿರುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಒತ್ತಕ್ಷರದ ಪಾಠ ಬಂದಾಗ ಅದಕ್ಕೆ ಹಳೆಯ ಪರಿಚಯದವರು ಎದುರಾದಂತಾಗುತ್ತದೆ.

ಎರಡನೆಯದು ಆಡುಮಾತಿನದು. ಏಣಿಯ ಚಿತ್ರವನ್ನು ತೋರಿಸಿದರೆ ಈ ಭಾಗದ ಮಗು 'ನಿಚ್ಚಣಿಕಿ' ಎನ್ನುತ್ತದೆ; ಈರುಳ್ಳಿಗೆ 'ಉಳ್ಳಾಗಡ್ಡಿ', ಕಡಲೆಕಾಯಿಗೆ 'ಶೇಂಗಾ' ಎನ್ನುತ್ತದೆ. ಚಿತ್ರದಿಂದ ಪದ, ಪದದಿಂದ ಅಕ್ಷರ ಎಂಬ ಕ್ರಮ ಇಲ್ಲಿ ಮೊದಲ ಮೆಟ್ಟಿಲಿನಲ್ಲಿಯೇ ಜಾರುತ್ತದೆ. ಇನ್ನು 'ಮನೆ' ಎಂದು ಬರೆದುದನ್ನು 'ಮನಿ' ಎಂದೂ, 'ಎಲೆ'ಯನ್ನು 'ಎಲಿ' ಎಂದೂ ಮಗು ಹೇಳಿದರೆ ಅದನ್ನು ತಪ್ಪೆಂದು ಗದರಿಸಬೇಕೆ? ಮಗು ಪದವನ್ನು ಗುರುತಿಸಿದೆ, ಅರ್ಥವನ್ನೂ ಹಿಡಿದಿದೆ. ಆ ಮಟ್ಟಿಗೆ ಅದು ಓದೇ. ಆದರೆ 'ನೆ'ಗೂ 'ನಿ'ಗೂ ಇರುವ ಭೇದ ಅದಕ್ಕೆ ಗೊತ್ತಿದೆಯೆ ಎಂಬುದು ಬೇರೆ ಪ್ರಶ್ನೆ. 'ನೆನಪು', 'ನಿನಗೆ' ಎಂಬೆರಡನ್ನು ಪಕ್ಕಪಕ್ಕದಲ್ಲಿ ಬರೆದು ಕೇಳಿದರೆ ಅಧ್ಯಾಪಕನಿಗೆ ಉತ್ತರ ಸಿಕ್ಕುತ್ತದೆ. ಬೈಗುಳದಿಂದ ಮಗು ಮಾತನ್ನೇ ನಿಲ್ಲಿಸುತ್ತದೆ. ಪರೀಕ್ಷೆಯಿಂದ ಎಲ್ಲಿ ಕಲಿಸಬೇಕೆಂಬುದು ತಿಳಿಯುತ್ತದೆ.

೬

ನೋಟಪದದ ಉಪಯೋಗವನ್ನು ಹೇಳಿದ ಮೇಲೆ ಅದರ ಅಪಾಯವನ್ನೂ ಹೇಳಬೇಕು. ಬಸ್ಸಿನ ಬೋರ್ಡನ್ನು ಆಕೃತಿಯಿಂದಲೇ ಗುರುತಿಸಿ ಪ್ರಯಾಣ ಮಾಡುವ ನಿರಕ್ಷರರುಂಟು. 'ಜೇವರ್ಗಿ' ಎಂಬುದರ ಮೊದಲಿನ 'ಜೇ'ಯನ್ನೂ ಕೊನೆಯ 'ಗಿ'ಯನ್ನೂ ಗುರುತಿಟ್ಟುಕೊಂಡವರಿಗೆ ಅದೇ ತಾಲ್ಲೂಕಿನ 'ಜೇರಟಗಿ'ಯ ಬೋರ್ಡು ಬಂದರೆ ಏನಾಗುತ್ತದೆ? ಆದಿಯೂ ಅಂತ್ಯವೂ ಒಂದೇ. ನಡುವಿನ ಅಕ್ಷರ ಬಲ್ಲವರು ಮಾತ್ರ ಸರಿಯಾದ ಬಸ್ಸನ್ನು ಹತ್ತುತ್ತಾರೆ. ಶಾಲೆಯಲ್ಲಿಯೂ ಇದೇ ನಡೆಯುತ್ತದೆ. ಪಾಠವನ್ನು ಪುಟದ ಮೇಲೆ ಬೆರಳಿಟ್ಟು ಸುಶ್ರಾವ್ಯವಾಗಿ ಒಪ್ಪಿಸುವ ಮಗುವಿಗೆ ಅದೇ ಪಾಠದ ಒಂದು ಪದವನ್ನು ಹಲಗೆಯ ಮೇಲೆ ಬೇರೆಯಾಗಿ ಬರೆದು ತೋರಿಸಿದರೆ ಮೌನವಾಗುವುದುಂಟು. ಕ್ಯಾಂಬೆಲ್ ಕಂಡ ಗಿಳಿ ಇನ್ನೂ ಹಾರಿಹೋಗಿಲ್ಲ.

ಅಮೆರಿಕದ ಲಿನ್ನಿಯಾ ಎಹ್ರಿಯವರ ಸಂಶೋಧನೆಗಳು ಈ ಗೊಂದಲವನ್ನು ಬಹುಮಟ್ಟಿಗೆ ಪರಿಹರಿಸಿವೆ. ನುರಿತ ಓದುಗನು ಪದವನ್ನು ಕಂಡೊಡನೆ ಗುರುತಿಸುವುದು ಅದರ ಆಕೃತಿಯನ್ನು ಚಿತ್ರದಂತೆ ನೆನಪಿಟ್ಟುದರಿಂದಲ್ಲ; ಆ ಪದದ ಅಕ್ಷರಗಳು ಅವುಗಳ ಧ್ವನಿಗಳೊಡನೆ ಅವನ ಸ್ಮರಣೆಯಲ್ಲಿ ಬೆಸೆದುಕೊಂಡಿರುವುದರಿಂದ. ಎಂದರೆ ನೋಟಪದವು ಅಕ್ಷರಜ್ಞಾನದ ಫಲ. ಅದನ್ನು ಬೀಜವಾಗಿ ಬಿತ್ತುವುದಾದರೆ, ಒಡನೆಯೇ ಬಿಡಿಸಿ ಅಕ್ಷರವನ್ನು ತೋರಿಸಬೇಕು.

ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ನೆರೆಯ ಯಾದಗಿರಿಯಲ್ಲಿ ನಡೆದ ಅಧ್ಯಯನವೇ ಸಾಕ್ಷಿ. ೨೦೦೯ರ ಕೊನೆಯವರೆಗೆ ಯಾದಗಿರಿಯೂ ಈ ಜಿಲ್ಲೆಯಲ್ಲಿಯೇ ಇತ್ತು. ಕನ್ನಡ ಮತ್ತು ಮರಾಠಿಯ ಆರಂಭಿಕ ಓದುಬರಹವನ್ನು ಕುರಿತು ಶೈಲಜಾ ಮೆನನ್ ಮತ್ತು ಸಂಗಡಿಗರು ಮಹಾರಾಷ್ಟ್ರದ ವಾಡಾ ಹಾಗೂ ಯಾದಗಿರಿಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ಮಕ್ಕಳನ್ನು ಹಿಂಬಾಲಿಸಿ ನೋಡಿದರು. ವರದಿ ೨೦೧೭ರಲ್ಲಿ ಹೊರಬಂದಿತು. ಮೂರು ವರ್ಷ ಶಾಲೆಗೆ ಬಂದ ಅನೇಕ ಮಕ್ಕಳು ಸರಳ ಭಾಗವನ್ನೂ ಅರ್ಥವಾಗುವಂತೆ ಓದಲಾರದೆ ಉಳಿದುದನ್ನು ಅದು ದಾಖಲಿಸಿತು. ಅಕ್ಷರದ ಅಭ್ಯಾಸ ಒಂದೆಡೆ, ಮಗುವಿನ ಮಾತು ಮತ್ತು ಅರ್ಥ ಇನ್ನೊಂದೆಡೆ ಬೇರೆಯಾಗಿ ನಿಲ್ಲಬಾರದೆಂಬುದು ಅದರ ಉಪದೇಶ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ ೭೫.೩೬ ಇದ್ದಾಗ ಗುಲಬರ್ಗಾ ಜಿಲ್ಲೆಯದು ೬೪.೮೫, ಯಾದಗಿರಿಯದು ೫೧.೮೩ ಆಗಿತ್ತು.

ಈ ತಾಲ್ಲೂಕುಗಳಿಂದ ಸುಗ್ಗಿಯ ಅನಂತರ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ತಾಂಡಾ ಮಕ್ಕಳ ಮನೆಮಾತು ಲಂಬಾಣಿ. ಇಂಥ ಮಗು ತಿಂಗಳುಗಳ ಕಾಲ ಶಾಲೆ ಬಿಟ್ಟು ಮರಳಿದಾಗ ಬಾಯಿಪಾಠದ ಪದ್ಯ ಮರೆತಿರುತ್ತದೆ, ಆಕೃತಿಯಾಗಿ ಕಲಿತ ಪದಗಳೂ ಮಸುಕಾಗಿರುತ್ತವೆ. ಧ್ವನಿಯೊಡನೆ ಬೆಸೆದ ಅಕ್ಷರ ಮಾತ್ರ ಅದರ ಸಂಗಡ ಗುಳೆ ಹೋಗಿ ಸಂಗಡವೇ ಹಿಂದಿರುಗಬಲ್ಲದು. ಅಪರಿಚಿತ ಊರಿನ ಬೋರ್ಡನ್ನು ಓದಲು ಅಲ್ಲಿಯೂ ನೆರವಾಗಬಲ್ಲದು.

ಇಷ್ಟರಿಂದ ನಾವು ಮುಟ್ಟುವ ನಿರ್ಣಯ ಹೀಗಿದೆ. ಕನ್ನಡದ ಮೊದಲ ಓದಿಗೆ ನೋಟಪದಗಳ ದೀರ್ಘ ಪಟ್ಟಿ ಬೇಡ. ಮಗುವಿನ ಬಾಯಲ್ಲಿಯೇ ಇರುವ ಕೆಲವು ಪದಗಳನ್ನು, ಅವು ಒತ್ತಕ್ಷರದವಾದರೂ ಚಿಂತೆಯಿಲ್ಲ, ಆಯಾ ಊರಿನ ಮಾತಿನಿಂದ ಅಧ್ಯಾಪಕನೇ ಆರಿಸಲಿ, ಇಡಿಯಾಗಿ ತೋರಿಸಲಿ, ಅಂದೇ ಬಿಡಿಸಿ ಅಕ್ಷರವನ್ನು ಕಾಣಿಸಲಿ, ಆ ಅಕ್ಷರಗಳಿಂದ ಮಗು ಹಿಂದೆ ಕಾಣದ ಪದವೊಂದನ್ನು ಓದಿಸಿ ಪರೀಕ್ಷಿಸಲಿ. ಕಾಣದ ಪದವನ್ನು ಓದಿದಾಗಲೇ ಓದು ಬಂದಿತೆಂದು ಹೇಳಬೇಕು. ಮರಳಿನ ಮೇಲೆ ತಿದ್ದಿಸಿದ ಐಗಳ ಶಿಸ್ತೂ, ಪದವನ್ನು ಅರ್ಥದೊಡನೆ ಹಿಡಿದ ಉರ್ದು ಓದಿನ ಅನುಭವವೂ ಈ ಸೀಮೆಯ ಆಸ್ತಿಯೇ. ಎರಡನ್ನೂ ಕೂಡಿಸಿ ಬಳಸಿಕೊಂಡರೆ, ಅವ್ವ ಎಂಬ ಪದಕ್ಕಾಗಿ ಇಲ್ಲಿಯ ಮಗು ವರ್ಷದ ಕೊನೆಯವರೆಗೆ ಕಾಯಬೇಕಾಗುವುದಿಲ್ಲ.